ಗೇರ್‌ಬಾಕ್ಸಿನ ಸದ್ದು ಓದುವ ವಿದ್ಯೆ

ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ತೈಲಾಭಿಷೇಕ ನಡೆಯುವ ಬಿರುಬೇಸಿಗೆಯಲ್ಲಿ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಟ್ರ್ಯಾಕ್ಸು, ಬೊಲೆರೊ, ಹಳೇ ಜೀಪುಗಳು ಮಂದಿ ತುಂಬಿಕೊಂಡು ಬರುತ್ತವೆ. ಆ ಭಾರವೆಲ್ಲ ಎರಗುವುದು ಕ್ಲಚ್ಚು, ಗೇರ್‌ಬಾಕ್ಸುಗಳ ಮೇಲೆ. ಪೆಟ್ಟಿಗೆ ಬಿಚ್ಚುವ ಮೊದಲೇ ಒಳಗೆ ಏನು ಕೆಟ್ಟಿದೆ ಎಂದು ಹೇಳಬಲ್ಲ ಮೇಸ್ತ್ರಿಗೆ ನಮ್ಮ ಊರುಗಳಲ್ಲಿ ಇಂದಿಗೂ ಮರ್ಯಾದೆಯಿದೆ. ಅದು ಅವನಿಗೆ ಸಲ್ಲಬೇಕಾದದ್ದೇ.

ಈ ವಿದ್ಯೆಗೆ ನಮ್ಮಲ್ಲಿ ದೊಡ್ಡ ಪಾಠಶಾಲೆಯಾದದ್ದು ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅದರಲ್ಲಿ ಇದ್ದದ್ದು ಮೂರೇ ಗೇರು, ಮೊದಲನೆಯದಕ್ಕೆ ಸಿಂಕ್ರೊ ಇಲ್ಲ. ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಈ ಸಿಂಕ್ರೊ ಅಮೆರಿಕದ ಕ್ಯಾಡಿಲಾಕ್ ಕಾರಿಗೆ 1928ರಲ್ಲೇ ಬಂದಿತ್ತು. ಓಡುತ್ತಿರುವಾಗ ಮೊದಲ ಗೇರಿಗೆ ಇಳಿಯಲು ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ ಏರಿಸಬೇಕಿತ್ತು. ಕರಕರ ಎಂದರೆ ತಪ್ಪು ಚಾಲಕನದೇ. ಎಲ್ಲ ಗೇರಿಗೂ ಸಿಂಕ್ರೊ ಬಂದ ಮೇಲೆ ಅದೇ ಸದ್ದಿನ ಅರ್ಥ ಬದಲಾಯಿತು. ಒಂದೇ ಗೇರು ತಕರಾರು ಮಾಡಿದರೆ ಅದರ ಸಿಂಕ್ರೊದ ಹಿತ್ತಾಳೆ ಬಳೆ ಸವೆದಿರುತ್ತದೆ. ಎಂಜಿನ್ ಆರಿಸಿದಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಕರಕರ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ.

ಯಾವ ಶಾಫ್ಟು ಯಾವಾಗ ತಿರುಗುತ್ತದೆ, ಯಾವಾಗ ಭಾರ ಹೊರುತ್ತದೆ: ಪತ್ತೆಯ ತರ್ಕವೆಲ್ಲ ಇಷ್ಟರ ಮೇಲೆ ನಿಂತಿದೆ. ನ್ಯೂಟ್ರಲ್‌ನಲ್ಲಿ ಗುಂಯ್‌ಗುಟ್ಟಿ, ಕ್ಲಚ್ ತುಳಿದೊಡನೆ ಸದ್ದಡಗಿದರೆ ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಅನುಮಾನಿಸಬೇಕು. ತುಳಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗನ್ನು. ಕೆಳಗಿನ ಗೇರುಗಳಲ್ಲೆಲ್ಲ ಗೊರಗುಟ್ಟುವ ಜೀಪು ಮೂರನೆಯದರಲ್ಲಿ ಸುಮ್ಮನಾದರೆ ಕೆಳಗಿನ ಗೇರುಗಳಿಗೆ ಶಕ್ತಿ ಒಯ್ಯುವ ಲೇಶಾಫ್ಟನ್ನು ನೋಡಬೇಕು, ಏಕೆಂದರೆ ಆ ನೇರ ಗೇರಿನಲ್ಲಿ ಅದು ತಿರುಗಿದರೂ ಭಾರ ಹೊರುವುದಿಲ್ಲ. ಎಷ್ಟು ಅಚ್ಚುಕಟ್ಟಾದ ಯೋಚನೆ! ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನೇ ಹಾರಿದರೆ ಹಲ್ಲಿನ ಅಂಚು, ಗೇರು ಸರಿಸುವ ಫೋರ್ಕು, ಸ್ಪ್ರಿಂಗು, ಕೆಲವೊಮ್ಮೆ ಬರೀ ಹರಿದ ಮೌಂಟಿಂಗ್ ರಬ್ಬರು ಕಾರಣ.

ಆಯಿಲ್ ಇಳಿಸಿದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆ ಬೂದು ಕೆಸರು ಅಂಟಿದ್ದರೆ ಅದು ಸಹಜ ಸವೆತ. ಚೂರುಗಳು ಅಂಟಿದ್ದರೆ ಹಲ್ಲು ಮುರಿದಿರಬಹುದು. ಆಯಿಲಿನಲ್ಲಿ ಹಳದಿ ಮಿಂಚು ತೇಲಿದರೆ ಸಿಂಕ್ರೊ ಬಳೆ ಕರಗುತ್ತಿದೆ.

ಟ್ರಾನ್ಸ್‌ಫರ್ ಕೇಸಿನದು ಬೇರೆಯೇ ಕಥೆ. ಮುಂದಿನ ಗಾಲಿಗಳಿಗೂ ಶಕ್ತಿ ಹಂಚುವ ಈ ಪೆಟ್ಟಿಗೆ ಹಳೇ ಜೀಪಿನಲ್ಲಿ ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿದೆ. ಹಿಂಬದಿಯ ಬೇರಿಂಗ್ ದಾಟಿ ಆಯಿಲ್ ಇದರೊಳಗೆ ಸರಿದುಹೋಗುವುದುಂಟು. ನೆಲಕ್ಕೆ ಒಂದು ಹನಿ ಬೀಳದೆಯೂ ಗೇರ್‌ಬಾಕ್ಸು ಬತ್ತುತ್ತದೆ. ಆದ್ದರಿಂದ ಎರಡರ ಮಟ್ಟವನ್ನೂ ನೋಡದೆ ತೀರ್ಪು ಕೊಡಬಾರದು. ಹಡಗಲಿ ಕಡೆಯ ಎರೆ ಕೆಸರಿನಲ್ಲಿ ಫೋರ್‌ವೀಲ್ ಹಾಕಿದವರು ಒಣ ಡಾಂಬರಿಗೆ ಬಂದ ಮೇಲೂ ತೆಗೆಯದಿದ್ದರೆ, ತಿರುವಿನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ವೇಗ ಹೊಂದದೆ ಇಡೀ ವ್ಯವಸ್ಥೆ ಬಿಗಿಯುತ್ತದೆ, ಲಿವರು ಕಚ್ಚಿಕೊಳ್ಳುತ್ತದೆ. ಕೆಟ್ಟಿತೆಂದು ಬಿಚ್ಚುವ ಮುಂಚೆ ತುಸು ಹಿಂದಕ್ಕೆ ಓಡಿಸಿದರೆ ಸಡಿಲಾಗುವುದೇ ಹೆಚ್ಚು.

ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಕೇಳುತ್ತಿದ್ದ ಜಾಗಕ್ಕೆ ಈಗ ಕಂಪನ ಅಳೆಯುವ ಸೆನ್ಸರು ಬಂದಿದೆ. ಗೇರ್‌ಬಾಕ್ಸಿನ ಕಂಪನ ನೋಡಿ ಹಲ್ಲಿನ ದೋಷವನ್ನು ಕಂಪ್ಯೂಟರಿನಿಂದ ಗುರುತಿಸುವ ಕೆಲಸ ಸುರತ್ಕಲ್ಲಿನ ತಾಂತ್ರಿಕ ಸಂಸ್ಥೆ ಎನ್‌ಐಟಿಕೆಯಲ್ಲೂ ನಡೆದಿದೆ. ಊರ ಗ್ಯಾರೇಜಿಗೆ ಅದಿನ್ನೂ ತಲುಪಿಲ್ಲ, ತಲುಪಿದ್ದು ಸ್ಕ್ಯಾನರ್. ವಾಹನದ ದೋಷವನ್ನು ಕೋಡಿನಲ್ಲಿ ಸ್ಕ್ಯಾನರಿಗೆ ತಿಳಿಸುವ ಒಬಿಡಿ-2 ನಮ್ಮ ದೇಶದಲ್ಲಿ 2013ರಿಂದ ಕಡ್ಡಾಯವಾಯಿತು, 2014ರಲ್ಲಿ ಮಾರುತಿ ಸೆಲೆರಿಯೊ ಕ್ಲಚ್ಚು, ಗೇರುಗಳನ್ನು ತಾನೇ ನಡೆಸುವ ಎಎಂಟಿ ತಂದಿತು. ಆದರೆ ಮಾಮೂಲಿ ಗೇರ್‌ಬಾಕ್ಸಿನ ಬೇರಿಂಗ್ ಸವೆದದ್ದು ಸ್ಕ್ಯಾನರಿಗೆ ಕಾಣುವುದಿಲ್ಲ. ಎಎಂಟಿಯಲ್ಲೂ ಗೇರು ಬೀಳಲಿಲ್ಲವೆಂಬ ಕೋಡ್ ಬಂದಾಗ ಬ್ಯಾಟರಿಯ ವೋಲ್ಟೇಜು, ಕ್ಲಚ್ಚಿನ ಸವೆತ ನೋಡದೆ ಗೇರು ಹಾಕುವ ಆಕ್ಚುಯೇಟರ್ ಬದಲಿಸುವುದು ದುಡ್ಡು ಸುಟ್ಟಂತೆ. ಸ್ವಿಚ್ಚಿನಿಂದ ಬೀಳುವ ಫೋರ್‌ವೀಲ್‌ಗೂ ಇದೇ ಮಾತು. ಮೋಟಾರು ಗುರಿ ಮುಟ್ಟಲಿಲ್ಲ ಎಂದಷ್ಟೇ ಸ್ಕ್ಯಾನರ್ ಹೇಳುತ್ತದೆ. ಮೋಟಾರು ಸತ್ತಿದೆಯೋ, ಒಳಗಿನ ಫೋರ್ಕು ಕಚ್ಚಿದೆಯೋ ತಿಳಿಯಲು ಮೋಟಾರು ಕಳಚಿ, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು.