ನಮ್ಮ ಭಜನಾ ಗೋಷ್ಠಿ ನಡೆದು ಬಂದ ದಾರಿ

ಕಲಿಯುಗದಲ್ಲಿ ಭಗವಂತನ ನಾಮಸಂಕೀರ್ತನೆಗಿಂತ ಸುಲಭವಾದ ಸೇವೆ ಬೇರೊಂದಿಲ್ಲವೆಂದು ಹಿರಿಯರು ಹೇಳಿದ್ದಾರೆ. ಪ್ರತಿ ವರ್ಷ ಉತ್ಸವ ಮುಗಿದ ಮೇಲೆ ಅಲಂಕಾರ, ವಾದ್ಯ, ಅನ್ನದಾನ ಇವುಗಳ ಲೆಕ್ಕವನ್ನು ನಾವು ತಪ್ಪದೆ ಒಪ್ಪಿಸುತ್ತೇವೆ. ಉಭಯದಾರರ ಹೆಸರುಗಳನ್ನೂ ಅಚ್ಚು ಹಾಕಿಸುತ್ತೇವೆ. ಆದರೆ ಪಲ್ಲಕ್ಕಿಯ ಮುಂದೆ ತಾಳ ಹಿಡಿದು ಹಾಡುತ್ತಾ ನಡೆಯುವ ಭಜನಾ ಗೋಷ್ಠಿಯ ವಿಷಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಕೇಳಿದಾಗ, ಗೋಷ್ಠಿಯ ಬಗ್ಗೆಯೇ ಬರೆಯುತ್ತೇನೆ ಎಂದೆ. ನಾನು ಸಂಗೀತ ವಿದ್ವಾಂಸನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತವನು. ಓದಿ, ಕೇಳಿ ತಿಳಿದದ್ದನ್ನು ಭಕ್ತ ಮಹಾಶಯರ ಮುಂದೆ ಇಡುತ್ತಿದ್ದೇನೆ.

ಹೊರಗಿನಿಂದ ನಮ್ಮ ಕಡೆಗೆ ಬಂದವರಿಗೆ ಒಂದು ವಿಷಯ ಆಶ್ಚರ್ಯವಾಗಿ ಕಾಣುತ್ತದೆ. ಧನುರ್ಮಾಸದ ಬೆಳಗಿನ ಜಾವ ಭಜನೆ ಹೊರಟರೆ ಮೊದಲು ದಾಸರ ಪದ, ಆಮೇಲೆ ತೆಲುಗು ಕೀರ್ತನೆ, ದೇವಸ್ಥಾನಕ್ಕೆ ಹಿಂತಿರುಗಿದಾಗ ಆಂಡಾಳ್ ತಾಯಿಯ ತಿರುಪ್ಪಾವೈ. ಹಾಡುವವರು ಅವರೇ, ತಾಳವೂ ಅದೇ. ಇದು ತೆಲುಗಿನವರದು, ಇದು ನಮ್ಮದು ಎಂದು ಯಾರೂ ವಿಂಗಡಿಸಿ ಹಾಡುವುದಿಲ್ಲ. ಹೊಸೂರು, ಕೆಲಮಂಗಲ, ಶೂಲಗಿರಿ, ಡೆಂಕಣಿಕೋಟೆ, ತಳಿ, ಎಲ್ಲಾ ಕಡೆಯೂ ಹೀಗೆಯೇ. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಹೊಸೂರು ಸೀಮೆ ಕುಂಪಣಿ ಸರ್ಕಾರದ ಕೈಸೇರಿ ಸೇಲಂ ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಕಂದಾಯ ಕಟ್ಟುವ ಊರು ಬದಲಾಗುತ್ತಾ ಬಂದರೂ ಭಜನೆಯ ಹಾಡುಗಳು ಬದಲಾಗಲಿಲ್ಲ. ಅವು ಬಂದ ದಾರಿ ಇನ್ನೂ ಹಳೆಯದು.

ಆ ದಾರಿಯ ಒಂದು ತುದಿ ನಮಗೆ ಬಹಳ ದೂರದಲ್ಲಿಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀ ಶ್ರೀಪಾದರಾಜರ ಬೃಂದಾವನವಿದೆ. 15ನೇ ಶತಮಾನದ ಈ ಯತಿಗಳು ಸಂಸ್ಕೃತದಲ್ಲಿ ಮಹಾ ಪಂಡಿತರಾಗಿದ್ದರೂ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿ, ಪೂಜೆಯ ಕಾಲದಲ್ಲಿ ಅವನ್ನು ಹಾಡಿಸುತ್ತಿದ್ದರೆಂದು ಪ್ರತೀತಿ. ಮಡಿಯಲ್ಲಿ ಕುಳಿತು ವೇದ ಹೇಳುವ ಜಾಗದಲ್ಲಿ ತಾಯಿನುಡಿಯ ಹಾಡಿಗೂ ಸ್ಥಾನ ಸಿಕ್ಕಿತು ಎಂದರೆ ಅದು ಸಣ್ಣ ಮಾತಲ್ಲ. ಅವರಲ್ಲಿ ವಿದ್ಯಾಭ್ಯಾಸ ಮಾಡಿದವರು ಶ್ರೀ ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು ಮತ್ತು ಕನಕದಾಸರು. ಪುರಂದರದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದರು. ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ವರಸೆಗಳನ್ನು ಏರ್ಪಡಿಸಿದವರೂ ಅವರೇ ಎಂದು ಇಡೀ ದಕ್ಷಿಣ ದೇಶ ಅವರನ್ನು ಪಿತಾಮಹ ಎನ್ನುತ್ತದೆ. ಇಂದು ಚೆನ್ನೈಯಲ್ಲಿ ಒಂದು ಮಗು ಪಾಠಕ್ಕೆ ಕುಳಿತರೂ ಮೊದಲು ಕಲಿಯುವ ಗೀತೆಗಳು ಅವರ ಕನ್ನಡ ಪಿಳ್ಳಾರಿ ಗೀತೆಗಳೇ.

ಇತ್ತ ಚಿಂತಾಮಣಿ ಕಡೆಯ ಕೈವಾರದ ನಾರೇಯಣ ಯೋಗಿಗಳನ್ನೂ ಮರೆಯಬಾರದು. ತಾತಯ್ಯನವರು ಎಂದರೆ ನಮ್ಮ ಹಿರಿಯರಿಗೆ ಬೇಗ ಗೊತ್ತಾಗುತ್ತದೆ. ಬಳೆ ಮಾರುವ ವೃತ್ತಿಯವರು. ತೆಲುಗಿನಲ್ಲೂ ಕನ್ನಡದಲ್ಲೂ ತತ್ತ್ವಪದ ಹಾಡಿದವರು. ನನ್ನಂಥ ವ್ಯಾಪಾರಸ್ಥನಿಗೆ ಅವರ ಮೇಲೆ ಸ್ವಲ್ಪ ಹೆಚ್ಚು ಅಭಿಮಾನ ಇರುವುದು ಸಹಜ. ಇಂದಿಗೂ ಗುರುಪೂರ್ಣಿಮೆಯ ಹೊತ್ತಿನಲ್ಲಿ ಕೈವಾರದಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ಸೇವೆ ನಡೆಯುತ್ತದೆ. ದೊಡ್ಡ ವಿದ್ವಾಂಸರು ಹಾಡಿದ ಕಡೆಯೇ ಹಳ್ಳಿಯ ಭಜನಾ ಮಂಡಲಿಗಳೂ ಕುಳಿತು ಹಾಡುತ್ತವೆ.

ಇನ್ನು ತಮಿಳು ಸೀಮೆಯ ಕಡೆಯಿಂದ ಬಂದ ದಾರಿ. ಕಾವೇರಿ ತೀರದ ಊರುಗಳಲ್ಲಿ ಬೋಧೇಂದ್ರ ಸ್ವಾಮಿಗಳು, ಶ್ರೀಧರ ಅಯ್ಯಾವಾಳ್, ಆಮೇಲೆ ಕುಂಭಕೋಣದ ಬಳಿಯ ಮರುದಾನಲ್ಲೂರಿನ ಸದ್ಗುರು ಸ್ವಾಮಿಗಳು ಭಜನೆಗೆ ಒಂದು ಪದ್ಧತಿಯನ್ನು ಹಾಕಿಕೊಟ್ಟರು. ಮೊದಲು ತೋಡಯ ಮಂಗಳ, ನಂತರ ಗುರು ಸ್ತುತಿ, ಜಯದೇವ ಕವಿಯ ಅಷ್ಟಪದಿ, ನಾರಾಯಣ ತೀರ್ಥರ ತರಂಗ, ದೀಪದ ಸುತ್ತ ಪ್ರದಕ್ಷಿಣೆ ಬಂದು ಹಾಡುವ ದಿವ್ಯನಾಮ, ಕೊನೆಗೆ ಆಂಜನೇಯನ ಸ್ತುತಿ, ಮಂಗಳ. ಈ ಪದ್ಧತಿಯಲ್ಲಿ ಭದ್ರಾಚಲ ರಾಮದಾಸರ ತೆಲುಗಿಗೆ ಜಾಗವಿದೆ, ಗೋಪಾಲಕೃಷ್ಣ ಭಾರತಿಯವರ ತಮಿಳಿಗೆ ಜಾಗವಿದೆ, ನಮ್ಮ ಪುರಂದರದಾಸರ ಕನ್ನಡಕ್ಕೂ ಜಾಗವಿದೆ. ತಂಜಾವೂರು ಸೀಮೆಯಲ್ಲಿ ಕನ್ನಡ ಮಾತನಾಡದವರು ಇನ್ನೂರು ವರ್ಷಗಳಿಂದ ದಾಸರ ಪದವನ್ನು ಬಾಯಿಪಾಠದಿಂದ ಹಾಡುತ್ತಾ ಬಂದಿದ್ದಾರೆ. ಮೂರು ಭಾಷೆಯ ಭಜನೆ ನಮ್ಮ ಗಡಿಯ ಕಲಬೆರಕೆ ಎಂದು ಯಾರಾದರೂ ನಕ್ಕರೆ ಅವರಿಗೆ ಇದನ್ನು ಹೇಳಬೇಕು.

ಅನೇಕರು ಒಟ್ಟಾಗಿ ಹಾಡುವುದರಲ್ಲಿ ಎಷ್ಟು ಶಕ್ತಿ ಇದೆ ಎಂಬುದಕ್ಕೆ ತಿರುವೈಯಾರಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಅದರಲ್ಲಿ ನಮ್ಮ ಕನ್ನಡ ನಾಡಿನ ಒಬ್ಬ ತಾಯಿಯ ಪಾಲು ದೊಡ್ಡದು.

ಶ್ರೀ ತ್ಯಾಗರಾಜ ಸ್ವಾಮಿಗಳು 1847ರಲ್ಲಿ ಪುಷ್ಯ ಬಹುಳ ಪಂಚಮಿಯ ದಿನ ಮುಕ್ತರಾದರು. ಅವರ ಕೀರ್ತನೆಗಳು ದೇಶವೆಲ್ಲಾ ಹರಡಿದರೂ ಕಾವೇರಿ ದಡದ ಅವರ ಸಮಾಧಿ ಮಾತ್ರ ಗಿಡಗಂಟಿ ಬೆಳೆದು ಪಾಳುಬಿದ್ದಿತ್ತು. ಮೈಸೂರಿನ ಹೆಸರಾಂತ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರು ಈ ದುಃಸ್ಥಿತಿಯನ್ನು ತಮ್ಮ ಶಿಷ್ಯೆ ಬೆಂಗಳೂರು ನಾಗರತ್ನಮ್ಮನವರಿಗೆ ಕಾಗದ ಬರೆದು ತಿಳಿಸಿದರು. ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ದೇವದಾಸಿ ಕುಲದವರು. ಆಗ ಮದ್ರಾಸಿನಲ್ಲಿ ನೆಲೆಸಿ ಒಳ್ಳೆಯ ಹೆಸರು, ಹಣ ಎರಡನ್ನೂ ಗಳಿಸಿದ್ದರು. ಕಾಗದ ಕಂಡ ಮೇಲೆ ಆ ತಾಯಿ ಸುಮ್ಮನಿರಲಿಲ್ಲ. ಸಮಾಧಿಯ ಜಾಗವನ್ನು ಪಡೆದು 1921ರಲ್ಲಿ ಕೆಲಸ ಆರಂಭಿಸಿದರು. ತಾವು ಹಾಡಿ ಗಳಿಸಿದ್ದನ್ನೆಲ್ಲಾ ಸುರಿದು ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು.

ಆದರೆ ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡಲು ಅವಕಾಶವಿರಲಿಲ್ಲ. ಆರಾಧನೆ ನಡೆಸುತ್ತಿದ್ದ ವಿದ್ವಾಂಸರು ಎರಡು ಪಕ್ಷವಾಗಿದ್ದರು, ದೊಡ್ಡ ಕಟ್ಚಿ, ಚಿಕ್ಕ ಕಟ್ಚಿ ಎಂದು. ಎರಡೂ ಪಕ್ಷದವರಿಗೆ ಒಂದೇ ವಿಷಯದಲ್ಲಿ ಒಮ್ಮತ: ಹೆಂಗಸರು ಹಾಡಕೂಡದು. ನಾಗರತ್ನಮ್ಮನವರು ಜಗಳವಾಡುತ್ತಾ ಕೂರದೆ ಹೆಂಗಸರದೇ ಒಂದು ಪಂಗಡ ಕಟ್ಟಿ, ಸಮಾಧಿಯ ಹಿಂಭಾಗದಲ್ಲಿ ಕುಳಿತು ಹಾಡಿಸಿದರು. ಹೀಗೆ ಒಂದು ಆರಾಧನೆ ಮೂರಾಯಿತು. ಕೊನೆಗೆ 1940ರಲ್ಲಿ ಮೂರು ಪಂಗಡಗಳೂ ರಾಜಿಯಾಗಿ ಒಂದಾದವು. ಒಂದಾದ ಮೇಲೆ ಎಲ್ಲರೂ ಸೇರಿ ಏನು ಹಾಡುವುದು ಎಂಬ ಪ್ರಶ್ನೆ ಬಂತು, ಒಬ್ಬೊಬ್ಬರದು ಒಂದೊಂದು ಪಾಠ, ಒಂದೊಂದು ಹಾಡು. ಆಗ ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳ ಪಂಚರತ್ನ ಕೃತಿಗಳನ್ನು ಆರಿಸಿದರು. ಗಂಡಸರು, ಹೆಂಗಸರು, ಪ್ರಸಿದ್ಧರು, ಹೊಸಬರು, ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತು ಒಂದೇ ಕಂಠದಿಂದ ಹಾಡುವ ಗೋಷ್ಠಿ ಗಾಯನ ನೆಲೆಗೊಂಡದ್ದು ಹೀಗೆ. ಮೊದಲನೆಯ ಕೃತಿ ಸಂಸ್ಕೃತ, ಉಳಿದ ನಾಲ್ಕು ತೆಲುಗು, ನೆಲ ತಮಿಳರದು, ಗುಡಿ ಕಟ್ಟಿಸಿದ್ದು ನಂಜನಗೂಡಿನ ಹೆಣ್ಣುಮಗಳು. ನಾಗರತ್ನಮ್ಮನವರು 1952ರಲ್ಲಿ ತೀರಿಕೊಂಡರು. ಸ್ವಾಮಿಗಳ ಸಮಾಧಿಗೆ ಎದುರಾಗಿಯೇ ಅವರ ಸಮಾಧಿಯೂ ಇದೆ. ಪುರಂದರದಾಸರ ಆರಾಧನೆ ಬರುವುದು ಅದೇ ಪುಷ್ಯ ಮಾಸದ ಅಮಾವಾಸ್ಯೆಗೆ, ತ್ಯಾಗರಾಜರ ಆರಾಧನೆಯಾದ ಹತ್ತು ದಿನಕ್ಕೆ. ಎರಡನ್ನೂ ಸೇರಿಸಿ ಆಚರಿಸುವ ಊರುಗಳು ಬಹಳ ಇವೆ, ನಾವೂ ಹಾಗೆ ಮಾಡಬಹುದು.

ನಮ್ಮ ಊರ ಭಜನೆಯಲ್ಲಿಯೂ ಹಿಂದೆ ಹೆಂಗಸರು ಕಂಬದ ಆಚೆ ಕುಳಿತು ಹಾಡಿಗೆ ದನಿಗೂಡಿಸುತ್ತಿದ್ದರು ಅಷ್ಟೆ. ಈಗ ಲೆಕ್ಕ ತಲೆಕೆಳಗಾಗಿದೆ. ಶ್ರೀ ವಾದಿರಾಜರ ಲಕ್ಷ್ಮೀ ಶೋಭಾನೆಯನ್ನು ಪುಸ್ತಕ ನೋಡದೆ ಪೂರ್ತಿ ಹೇಳುವವರು ಅವರೇ. ಗಂಡಸರಲ್ಲಿ ತಾಳ ಹಿಡಿಯುವವರು ಕಡಿಮೆಯಾಗಿದ್ದಾರೆ. ಹೊಸೂರಿನಲ್ಲಿ ಕಾರ್ಖಾನೆಗಳು ಬಂದ ಮೇಲೆ ಮೂರು ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನನ್ನು ನಾಲ್ಕು ಗಂಟೆಗೆ ಎಬ್ಬಿಸಿ ಚಳಿಯಲ್ಲಿ ಭಜನೆಗೆ ಕರೆಯುವುದು ನ್ಯಾಯವೂ ಅಲ್ಲ.

ಇನ್ನೊಂದು ಕಾರಣವೂ ಇದೆ. ಕ್ಯಾಸೆಟ್ ಬಂದ ಕಾಲದಲ್ಲಿ ವಿದ್ಯಾಭೂಷಣರ ದೇವರನಾಮಗಳು ಮನೆಮನೆಗೂ ಬಂದವು. ಭೀಮಸೇನ ಜೋಶಿಯವರ ದಾಸವಾಣಿ ಬಂತು. ನಮ್ಮ ಅಂಗಡಿಯಲ್ಲಿಯೂ ಕರ್ಪೂರ, ಊದುಬತ್ತಿಯ ಪಕ್ಕದಲ್ಲಿ ಒಂದು ಸಾಲು ಕ್ಯಾಸೆಟ್ ಇರುತ್ತಿತ್ತು, ಹಬ್ಬದ ಹಿಂದಿನ ದಿನ ಒಂದೂ ಉಳಿಯುತ್ತಿರಲಿಲ್ಲ. ಅದರಿಂದ ಉಪಕಾರವೇ ಆಯಿತು. ಕೇಳದಿದ್ದ ಎಷ್ಟೋ ಪದಗಳನ್ನು ಜನ ಕೇಳಿದರು. ಆದರೆ ದೇವಸ್ಥಾನದ ಮೈಕಿಗೆ ಕ್ಯಾಸೆಟ್ ಹಚ್ಚಿದ ದಿನದಿಂದ ಹಾಡುವವರು ಕೇಳುವವರಾದರು. ಭಜನೆಯಲ್ಲಿ ಮುಂದೆ ಹೇಳುವವನು ಒಂದು ನುಡಿ ಹೇಳಿ ನಿಲ್ಲಿಸುತ್ತಾನೆ, ಉಳಿದವರು ಅದನ್ನೇ ಎತ್ತಿ ಹೇಳಬೇಕು. ಶ್ರುತಿ ಸೇರದವನೂ ಹತ್ತು ಜನರ ನಡುವೆ ಹಾಡುತ್ತಾ ಹಾಡುತ್ತಾ ಸೇರಿಕೊಳ್ಳುತ್ತಾನೆ. ಯಂತ್ರ ನಮಗಾಗಿ ನಿಲ್ಲುವುದಿಲ್ಲ.

ಗೋಷ್ಠಿಗಳು ಪೂರ್ತಿ ನಿಂತುಹೋಗದಂತೆ ಕಾಪಾಡಿದ್ದರಲ್ಲಿ ತಿರುಪತಿಯ ಪಾಲೂ ಇದೆ. ತಿರುಮಲ ತಿರುಪತಿ ದೇವಸ್ಥಾನದ ದಾಸ ಸಾಹಿತ್ಯ ಯೋಜನೆಯವರು ನಡೆಸುವ ಮೆಟ್ಲೋತ್ಸವಕ್ಕೆ ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಕಡೆಯ ಭಜನಾ ಮಂಡಲಿಗಳು ಹೋಗುತ್ತವೆ. ಅಲಿಪಿರಿಯಲ್ಲಿ ಮೆಟ್ಟಿಲ ಪೂಜೆ ಮಾಡಿ, ದಾಸರು ಹತ್ತಿದ ಬೆಟ್ಟವನ್ನು ಹಾಡುತ್ತಲೇ ಹತ್ತುತ್ತಾರೆ. ಅಲ್ಲಿ ತೆಲುಗು ಮಂಡಲಿಯವರ ಬಾಯಲ್ಲಿ ಕನ್ನಡ ಪದ ಕೇಳಿದವರಿಗೆ ನಾನು ಹೇಳುತ್ತಿರುವುದು ಅರ್ಥವಾದೀತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಗೋಷ್ಠಿಗೆ ಮಕ್ಕಳು ಬರುತ್ತಿಲ್ಲ ಎಂದು ಸಭೆಗಳಲ್ಲಿ ದೂರುತ್ತೇವೆ. ಬಂದ ಮಕ್ಕಳ ಕೈಗೆ ಭಜನೆ ಪುಸ್ತಕ ಕೊಟ್ಟರೆ ಅವರು ಓದಲಾರರು. ಮನೆಯಲ್ಲಿ ಕನ್ನಡ ಮಾತು ಚೆನ್ನಾಗಿಯೇ ಆಡುತ್ತಾರೆ, ಅಕ್ಷರ ಬಾರದು. 2006ರ ತಮಿಳು ಕಲಿಕೆ ಕಾಯ್ದೆಯಂತೆ 1ನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಜತೆಗೆ ಇಂಗ್ಲಿಷ್ ಶಾಲೆಗಳು. ತಮಿಳು ಕಲಿಯಬಾರದು ಎಂದು ನಾನು ಹೇಳುವವನಲ್ಲ. ಈ ರಾಜ್ಯದಲ್ಲಿ ಬದುಕುವವರಿಗೆ ಅದು ಬೇಕು, ನನ್ನ ಅಂಗಡಿಯ ಲೆಕ್ಕವೂ ಅರ್ಧ ತಮಿಳಿನಲ್ಲೇ ಇದೆ. ಆದರೆ ಮೂರು ಭಾಷೆ ಹಾಡುತ್ತಿದ್ದ ಗೋಷ್ಠಿಯಲ್ಲಿ ಒಂದು ಭಾಷೆಯ ಪುಸ್ತಕ ಕಪಾಟಿನಲ್ಲೇ ಉಳಿದರೆ, ಮುಂದೆ ಹೇಳಿಕೊಡುವ ಹಿರಿಯರು ಇರುವವರೆಗೆ ಮಾತ್ರ ಆ ಪದಗಳು ಇರುತ್ತವೆ.

ಹಾಗಾದರೆ ದಾಸರ ಪದಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಡೋಣ ಎಂದು ಸಮಿತಿಯಲ್ಲಿ ಮಾತು ಬಂದಾಗ ಕೆಲವು ಹಿರಿಯರು ಬೇಸರಪಟ್ಟರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಇದು ಹೊಸದೇನಲ್ಲ. ಪ್ರಸಿದ್ಧ ಗಾಯಕಿ ಎಂ.ಎಲ್. ವಸಂತಕುಮಾರಿಯವರ ತಾಯಿ ಲಲಿತಾಂಗಿಯವರು ಪುರಂದರದಾಸರ ಪದಗಳನ್ನು ಕಷ್ಟಪಟ್ಟು ಕಲಿತು, ಪುರಂದರ ಮಣಿಮಾಲೈ ಎಂದು ತಮಿಳಿನಲ್ಲಿ ಪುಸ್ತಕ ಮಾಡಿದರು. ಮಗಳು ಅದೇ ಪದಗಳನ್ನು ಮದ್ರಾಸಿನ ದೊಡ್ಡ ಸಭೆಗಳಲ್ಲಿ ಹಾಡಿ ಮೆರೆಸಿದರು. ತಮಿಳು ಅಕ್ಷರದಲ್ಲಿ ಬರೆದ ಕಾರಣಕ್ಕೆ ದಾಸರ ಪದಕ್ಕೆ ಕುಂದು ಬರಲಿಲ್ಲ. ಒಂದು ತೊಂದರೆ ಮಾತ್ರ ನಿಜ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಪಾದ ಎಂದು ಹೇಳಬೇಕಾದಲ್ಲಿ ಬಾದ ಎಂದರೆ ಅರ್ಥ ಕೆಡುತ್ತದೆ. ಆದ್ದರಿಂದ ಬರೆದುಕೊಟ್ಟರೆ ಸಾಲದು, ಪಕ್ಕದಲ್ಲಿ ಕುಳಿತು ಹೇಳಿಸಬೇಕು. ಅದೇ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಕನ್ನಡ ಅಕ್ಷರ ತಿದ್ದಿಸಿದರೆ ವರ್ಷದೊಳಗೆ ಮಕ್ಕಳು ಮೂಲ ಪುಸ್ತಕವನ್ನೇ ಓದಿಯಾರು ಎಂಬುದು ನನ್ನ ಅಭಿಪ್ರಾಯ.

ಈ ಉತ್ಸವ ಮುಗಿದ ಮೇಲೆ ಪ್ರತಿ ಶನಿವಾರ ಸಂಜೆ ದೀಪಾರಾಧನೆಯ ನಂತರ ದೇವಸ್ಥಾನದ ಮುಂಭಾಗದಲ್ಲಿ ಮಕ್ಕಳಿಗೆ ಭಜನೆ ಪಾಠ ನಡೆಸಲು ಗೋಷ್ಠಿಯ ತಾಯಂದಿರು ಒಪ್ಪಿದ್ದಾರೆ. ಸ್ಲೇಟು, ಬಳಪ, ನೋಟುಪುಸ್ತಕ ನನ್ನ ಅಂಗಡಿಯಿಂದ ಬರುತ್ತದೆ. ಭಕ್ತಾದಿಗಳ ಮನೆಯಲ್ಲಿ ಹಳೆಯ ಭಜನೆ ಪುಸ್ತಕ, ಅಜ್ಜಿಯರು ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕ ಇದ್ದರೆ, ಕನ್ನಡವಾಗಲಿ ತೆಲುಗಾಗಲಿ ತಮಿಳಾಗಲಿ, ದಯಮಾಡಿ ತಂದು ತೋರಿಸಬೇಕಾಗಿ ವಿನಂತಿ. ನಕಲು ಮಾಡಿಕೊಂಡು ಅದೇ ವಾರದಲ್ಲಿ ಜೋಪಾನವಾಗಿ ಹಿಂತಿರುಗಿಸುತ್ತೇವೆ. ಹಾರ್ಮೋನಿಯಂನ ತಿದಿ ಹರಿದಿದೆ, ಅದನ್ನು ರಿಪೇರಿಗೆ ಬೆಂಗಳೂರಿಗೆ ಕಳುಹಿಸಬೇಕು. ಅಲ್ಲಿಯವರೆಗೆ ತಾಳ, ಚಿಟಿಕೆ, ಖಂಜಿರದಲ್ಲೇ ಪಾಠ ನಡೆಯುತ್ತದೆ.