ರನ್ (ಇಂಗ್ಲಿಷ್ ಪದ)

‘ರನ್’ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದಗಳಲ್ಲೊಂದು. ಕ್ರಿಯಾಪದವೂ ಹೌದು, ನಾಮಪದವೂ ಹೌದು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ 1928ರಲ್ಲಿ ಪೂರ್ಣಗೊಂಡಾಗ ಅದರ ಅತಿ ದೀರ್ಘ ನಮೂದು ‘ಸೆಟ್’ ಪದದ್ದಾಗಿತ್ತು. ಮೂರನೆಯ ಆವೃತ್ತಿಗಾಗಿ ‘ರನ್’ ನಮೂದನ್ನು ಪರಿಷ್ಕರಿಸಿದ ಸಂಪಾದಕ ಪೀಟರ್ ಗಿಲಿವರ್ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದರು. ಆ ಕೆಲಸಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಹಳೆಯ ಇಂಗ್ಲಿಷಿನಲ್ಲಿ ತಾನಾಗಿ ಓಡುವುದಕ್ಕೆ, ಹರಿಯುವುದಕ್ಕೆ ಒಂದು ಕ್ರಿಯಾಪದವಿತ್ತು, ಓಡಿಸುವುದಕ್ಕೆ ಇನ್ನೊಂದು. ಸ್ಕ್ಯಾಂಡಿನೇವಿಯದ ನಾರ್ಸ್ ಭಾಷೆಯ ಪ್ರಭಾವವೂ ಸೇರಿ, ಕಾಲಕ್ರಮದಲ್ಲಿ ಎರಡೂ ಒಂದೇ ರೂಪಕ್ಕೆ ಬಂದವು. ಕನ್ನಡಿಗ ಕಲಿಕೆದಾರರಿಗೆ ಮುಖ್ಯ ತೊಡಕು ಇಲ್ಲಿಯೇ. ನಾವು ಓಡು–ಓಡಿಸು, ನಡೆ–ನಡೆಸು ಎಂದು ‘ಇಸು’ ಪ್ರತ್ಯಯದಿಂದ ತೋರಿಸುವ ಭೇದ ‘ರನ್’ ಪದದಲ್ಲಿ ಕಾಣುವುದಿಲ್ಲ. ‘ದ ಬಸ್ ರನ್ಸ್’ ಎಂದರೆ ಬಸ್ಸು ಓಡುತ್ತದೆ. ‘ಶಿ ರನ್ಸ್ ಎ ಹೋಟೆಲ್’ ಎಂದರೆ ಆಕೆ ಹೋಟೆಲ್ ನಡೆಸುತ್ತಾಳೆ. ಕ್ರಿಯಾಪದದ ಮುಂದೆ ಕರ್ಮವಿದೆಯೇ ಎಂದು ನೋಡಿದರೆ ಗೊಂದಲ ಬಹುಪಾಲು ಕಳೆಯುತ್ತದೆ. ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಅಭ್ಯಾಸವೇ ಹೆಚ್ಚು ಉಪಯುಕ್ತ.

ಕೆಲವೆಡೆ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ. ಸಿನಿಮಾ ನೂರು ದಿನ ಓಡಿತು ಎನ್ನುವಲ್ಲಿ ಇಂಗ್ಲಿಷಿನಲ್ಲಿಯೂ ‘ರನ್’ ಸಲ್ಲುತ್ತದೆ. ಆದರೆ ಮೂಗು ಸೋರುವುದು, ತೊಳೆದ ಬಟ್ಟೆ ಬಣ್ಣ ಬಿಡುವುದು, ರಸ್ತೆ ಊರಿನ ನಡುವೆ ಹಾದುಹೋಗುವುದು, ಯಾವುದೋ ಗುಣ ವಂಶದಲ್ಲಿ ಹರಿದುಬರುವುದು ಇವೆಲ್ಲಕ್ಕೂ ಇಂಗ್ಲಿಷಿಗೆ ಆ ಒಂದೇ ಪದ ಸಾಕು. ಕನ್ನಡಕ್ಕೆ ಬೇರೆ ಬೇರೆ ಕ್ರಿಯಾಪದಗಳು ಬೇಕು. ಚುನಾವಣೆಯ ಮಾತು ಸ್ವಾರಸ್ಯಕರ. ಅಮೆರಿಕದಲ್ಲಿ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ‘ಸ್ಟ್ಯಾಂಡ್’ ಆಗುತ್ತಾನೆ. ಕನ್ನಡದಲ್ಲಿಯೂ ಅವನು ಚುನಾವಣೆಗೆ ನಿಲ್ಲುವವನೇ.

ಭೂತಕಾಲದ ರೂಪ ‘ರ್‍ಯಾನ್’. ‘ಹ್ಯಾವ್’ ಜೊತೆಗೆ ಬಂದಾಗ ಮತ್ತೆ ‘ರನ್’.

ನಾಮಪದವಾಗಿ ಅದು ಕ್ರಿಕೆಟ್ಟಿನ ಮೂಲಕ ಕನ್ನಡದ್ದೇ ಆಗಿದೆ. ಠೇವಣಿದಾರರು ಗಾಬರಿಯಿಂದ ಹಣ ಹಿಂಪಡೆಯಲು ಮುಗಿಬೀಳುವುದು ಬ್ಯಾಂಕಿನ ಮೇಲಿನ ‘ರನ್’. ‘ರನೌಟ್’ ಗೊತ್ತಿರುವ ಮಕ್ಕಳನ್ನು ‘ರನ್ ಔಟ್ ಆಫ್’ ಎಂಬ ಪದಗುಚ್ಛ ದಾರಿ ತಪ್ಪಿಸಬಹುದು. ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಎಂದರೆ ಮನೆಯಲ್ಲಿ ಹಾಲು ಮುಗಿದಿದೆ ಎಂದರ್ಥ. ಹಾಲಿನ ಜಾಗದಲ್ಲಿ ‘ದ ಹೌಸ್’ ಬಂದರೆ ಮಾತ್ರ ಮನೆಯಿಂದ ಹೊರಗೆ ಓಡುವುದು.