ಡಬ್ಬಿಯೊಳಗೆ ಇಣುಕಿದ ಕಥೆ

ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನ ಪಾಲಿಗೆ ಬಂದದ್ದು ಊಟದ ಡಬ್ಬಿಯಷ್ಟಿದ್ದ ಒಂದು ಗೇಟ್‌ವೇ. ಒಳಗೆ ಮಿಪ್ಸ್ ಪ್ರೊಸೆಸರ್, 16 ಎಂಬಿ ಫ್ಲಾಶ್, ಅದರ ಮೇಲೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಟಾಣಿ ಲಿನಕ್ಸ್. ಮೀಟರಿನ ಅಂಕಿ ಬದಲಾದಾಗ ಅದನ್ನು ಸರ್ವರಿಗೆ ಕಳಿಸುವುದಷ್ಟೇ ಅದರ ಕೆಲಸ. ನಮ್ಮ ಆಫೀಸಿನ ಮೇಜಿನ ಮೇಲೆ ಒಂದು ತಕರಾರಿಲ್ಲದೆ ಓಡುತ್ತಿತ್ತು. ಗಿರಾಕಿಯ ಕಟ್ಟಡದಲ್ಲಿಟ್ಟರೆ ಮಾತ್ರ ಆಗಾಗ ಕಾಲು ಗಂಟೆ ಮಾಯ! ಆಮೇಲೆ ತಾನಾಗಿಯೇ ಸರಿ. ಸರ್ವರಿನವರು "ನಮ್ಮ ಕಡೆ ಏನೂ ಬಂದೇ ಇಲ್ಲ" ಅಂದರು. ಡಬ್ಬಿಯ ಲಾಗು ನೋಡಿದರೆ "ಕಳಿಸಿದ್ದೇನೆ" ಅನ್ನುತ್ತಿತ್ತು. ಗಿರಾಕಿ ಡಬ್ಬಿಗಳನ್ನೆಲ್ಲ ವಾಪಸ್ ಕಳಿಸುತ್ತೇನೆ ಅಂತ ಕೂತಿದ್ದ.

"ಡಬ್ಬಿಯೊಳಗೇ ಟಿಸಿಪಿಡಂಪ್ ಹಾಕಿ ನೋಡೋ ಮಾರಾಯ" ಅಂದರು ನಮ್ಮ ಟೀಮಿನ ಹಿರಿಯರೊಬ್ಬರು. ಅದೇನು ಮಹಾ, ಅರ್ಧ ಗಂಟೆ ಕೆಲಸ ಅಂದುಕೊಂಡೆ. ಮೂರು ದಿನ ಹಿಡಿಯಿತು :-) ಆ ಮೂರು ದಿನದಲ್ಲಿ ಈ ಸಾಧನದ ಹಿಂದಿನ ಚರಿತ್ರೆಯನ್ನೂ ಕೆದಕಿದೆ. ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಕಥೆ ಶುರುವಾಗುವುದು 1986ರ ಅಕ್ಟೋಬರಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಲಾರೆನ್ಸ್ ಬರ್ಕ್ಲಿ ಲ್ಯಾಬೊರೇಟರಿಗೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ದೂರ ಬರೀ 400 ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಹರಿಯುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್ಟಿಗೆ ಇಳಿಯಿತು. ಕಿಲೋಬಿಟ್ ಅಲ್ಲ, ಬರೀ ಬಿಟ್! ಅಂದರೆ ಸೆಕೆಂಡಿಗೆ ಐದು ಅಕ್ಷರ. ಚೀಟಿಯಲ್ಲಿ ಬರೆದುಕೊಂಡು ನಡೆದೇ ಹೋಗಿ ಕೊಟ್ಟುಬಂದಿದ್ದರೆ ಬೇಗ ಆಗುತ್ತಿತ್ತೇನೋ.

ಲ್ಯಾಬಿನ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಇದರ ಹಿಂದೆ ಬಿದ್ದರು. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಕಳಿಸಿದ ಕಂಪ್ಯೂಟರು ಸರಿಯಾಗಿ ಕಾಯದೆ ಮತ್ತೆ ಕಳಿಸುತ್ತಿತ್ತು. ಎಲ್ಲ ಕಂಪ್ಯೂಟರುಗಳೂ ಹಾಗೇ ಮಾಡಿದರೆ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಜಾಮ್ ಆದಾಗ ಎಲ್ಲರೂ ಒಟ್ಟಿಗೆ ನುಗ್ಗಿದ ಹಾಗೆ, ಯಾರೂ ಮುಂದೆ ಹೋಗುವುದಿಲ್ಲ. 1988ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಹಲವು ಪರಿಹಾರಗಳಿದ್ದವು. ಅದರಲ್ಲೊಂದು: ಉತ್ತರ ಬರದಿದ್ದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಎರಡು ಪಟ್ಟು ಹೊತ್ತು ಕಾದು ಮತ್ತೆ ಕಳಿಸು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ನೆಟ್‌ವರ್ಕಿನಲ್ಲಿ ನಿಜಕ್ಕೂ ಏನು ಹರಿಯುತ್ತಿದೆ ಅಂತ ಕಣ್ಣಾರೆ ನೋಡಲು ಅದೇ ಲ್ಯಾಬಿನಲ್ಲಿ ಹುಟ್ಟಿದ್ದು ಟಿಸಿಪಿಡಂಪ್. ಬರೆದವರು ಜೇಕಬ್ಸನ್, ಕ್ರೇಗ್ ಲೆರೆಸ್ ಮತ್ತು ಸ್ಟೀವನ್ ಮೆಕ್ಯಾನ್. ಅದಕ್ಕೂ ಮೊದಲು ಸನ್ ಕಂಪನಿಯ ಯಂತ್ರಗಳಲ್ಲಿ ಈಥರ್‌ಫೈಂಡ್ ಅನ್ನುವ ಇಂಥದೇ ಒಂದು ಸಾಧನ ಇತ್ತು. ಆದರೆ ಆ ಕಾಲದ ವ್ಯವಸ್ಥೆಗಳಲ್ಲಿ ಪ್ಯಾಕೆಟ್ಟುಗಳನ್ನು ಕರ್ನೆಲ್ಲಿನಿಂದ ಎತ್ತಿ ಪ್ರೋಗ್ರಾಮಿನ ಕೈಗೆ ಕೊಡುವುದೇ ದೊಡ್ಡ ಖರ್ಚು. ಸಾವಿರ ಪ್ಯಾಕೆಟ್ ಎತ್ತಿಕೊಟ್ಟು, ಅದರಲ್ಲಿ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿದರೆ ಯಂತ್ರ ಸುಸ್ತಾಗದೆ ಇನ್ನೇನು?

ಮೆಕ್ಯಾನ್ ಮತ್ತು ಜೇಕಬ್ಸನ್ ಇದನ್ನು ತಿರುಗಿಸಿ ಯೋಚಿಸಿದರು. ಪ್ಯಾಕೆಟ್ಟುಗಳನ್ನೆಲ್ಲ ಪ್ರಶ್ನೆಯ ಹತ್ತಿರ ತರುವ ಬದಲು, ಪ್ರಶ್ನೆಯನ್ನೇ ಪ್ಯಾಕೆಟ್ ಇರುವಲ್ಲಿಗೆ ಕಳಿಸಿದರೆ? "ಈ ವಿಳಾಸ, ಈ ಪೋರ್ಟ್ ಮಾತ್ರ ಬೇಕು" ಅಂತ ನಾವು ಬರೆದದ್ದು ಕೆಲವೇ ಪುಟ್ಟ ಆದೇಶಗಳಾಗಿ ಬದಲಾಗಿ ಕರ್ನೆಲ್ಲಿಗೆ ಹೋಗುತ್ತೆ. ಆ ಆದೇಶಗಳು ಮುಂದಕ್ಕೆ ಮಾತ್ರ ಜಿಗಿಯಬಹುದು, ಹಿಂದಕ್ಕೆ ಹೋಗುವಂತಿಲ್ಲ. ಹಾಗಾಗಿ ಒಳಗೆ ಸುತ್ತುತ್ತಾ ಕರ್ನೆಲ್ಲನ್ನು ಹಿಡಿದು ಕೂರುವ ಭಯವಿಲ್ಲ. ಬೇಡದ ಪ್ಯಾಕೆಟ್ ಅಲ್ಲಿಯೇ ಔಟ್. ಇದೇ ಬಿಪಿಎಫ್. 1993ರ ಯೂಸ್‌ನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಇದರ ಸೋಸುವಿಕೆ ಹಳೆಯ ವಿಧಾನಕ್ಕಿಂತ 20 ಪಟ್ಟಿನವರೆಗೂ, ಒಟ್ಟು ವೇಗ ಸನ್ ಯಂತ್ರದ ಸ್ವಂತ ವ್ಯವಸ್ಥೆಗಿಂತ 100 ಪಟ್ಟಿನವರೆಗೂ ಹೆಚ್ಚು ಅಂತ ತೋರಿಸಿದರು. ಪ್ಯಾಕೆಟ್ ಹಿಡಿಯುವ ಭಾಗವನ್ನು ಲಿಬ್‌ಪಿಕ್ಯಾಪ್ ಅಂತ ಬೇರೆಯಾಗಿಸಿದ್ದರಿಂದ ಬೇರೆ ಬೇರೆ ಯುನಿಕ್ಸುಗಳಿಗೆ ಸಾಗಿಸುವುದೂ ಸುಲಭವಾಯಿತು.

ಆದರೆ ಇದೆಲ್ಲ ದೊಡ್ಡ ಯಂತ್ರಗಳ ಮಾತು. ಮನೆ ಮನೆಯ ರೂಟರಿನೊಳಗೆ ಇಣುಕುವುದು ಹೇಗೆ? ಅದಕ್ಕೆ ಬಾಗಿಲು ತೆರೆದದ್ದು ಒಂದು ಲೈಸೆನ್ಸು. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರಿನಲ್ಲಿ ಲಿನಕ್ಸ್ ಇದೆ ಅಂತ 2003ರಲ್ಲಿ ಕೆಲವರು ಪತ್ತೆ ಹಚ್ಚಿದರು. ಜಿಪಿಎಲ್ ಲೈಸೆನ್ಸಿನ ಪ್ರಕಾರ ಆ ತಂತ್ರಾಂಶ ಹಂಚಿದವರು ಸೋರ್ಸ್ ಕೋಡನ್ನೂ ಕೊಡಬೇಕು. ಒತ್ತಾಯ ಹೆಚ್ಚಾಗಿ ಅದೇ ವರ್ಷ ಕಂಪನಿ ಕೋಡ್ ಹೊರಗಿಟ್ಟಿತು. 2004ರಲ್ಲಿ ಶುರುವಾದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು ಆ ಕೋಡಿನಿಂದ. 2005ರ ಕೊನೆಗೆ ಬಂದ ಐದನೇ ಆವೃತ್ತಿಯಲ್ಲಿ ಕಂಪನಿ ಲಿನಕ್ಸ್ ಬಿಟ್ಟು ಫ್ಲಾಶನ್ನು 4 ಎಂಬಿಯಿಂದ 2ಕ್ಕೆ, ರ್‍ಯಾಮನ್ನು 16ರಿಂದ 8ಕ್ಕೆ ಇಳಿಸಿತು. ಜನ ಹಳೆಯದನ್ನೇ ಕೇಳಿದರು. ಕೊನೆಗೆ ಹೆಸರಿನ ತುದಿಗೆ ಒಂದು 'ಎಲ್' ಸೇರಿಸಿ ಲಿನಕ್ಸ್ ಇರುವುದನ್ನು ಬೇರೆಯಾಗಿ ಮಾರಬೇಕಾಯಿತು!

ಆದರೆ 4 ಎಂಬಿಯ ರೂಟರಿನಲ್ಲಿ ಕಂಪೈಲರ್ ಎಲ್ಲಿ ಕೂರಬೇಕು? ಹಾಸ್ಟೆಲಿನಲ್ಲಿರುವ ಮಗನಿಗೆ ಅಮ್ಮ ಊರಿನಿಂದ ಚಟ್ನಿಪುಡಿ ಕಳಿಸಿದ ಹಾಗೆ. ಅವನ ರೂಮಿನಲ್ಲಿ ಒಲೆ ಇಲ್ಲ, ಒರಳಿಲ್ಲ. ಅಡುಗೆ ನಡೆಯುವುದು ಊರಿನಲ್ಲಿ, ತಿನ್ನುವುದು ಹಾಸ್ಟೆಲಿನಲ್ಲಿ. ಕ್ರಾಸ್ ಕಂಪೈಲ್ ಅಂದರೆ ಇಷ್ಟೇ: ನಮ್ಮ ಲ್ಯಾಪ್‌ಟಾಪಿನಲ್ಲಿ ಕೂತು ಇನ್ನೊಂದು ಪ್ರೊಸೆಸರಿಗೆ ಅರ್ಥವಾಗುವ ಪ್ರೋಗ್ರಾಮ್ ತಯಾರಿಸುವುದು.

ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ಲ್ಯಾಪ್‌ಟಾಪಿನ ಟಿಸಿಪಿಡಂಪನ್ನೇ ನೇರ ಡಬ್ಬಿಗೆ ನಕಲು ಮಾಡಿದೆ. ಇಂಟೆಲ್ ಭಾಷೆ ಮಿಪ್ಸಿಗೆ ಎಲ್ಲಿ ಅರ್ಥವಾಗಬೇಕು? ಎರಡನೇ ಸಲ ಮಿಪ್ಸಿನ ಕಂಪೈಲರಿನಿಂದಲೇ ಮಾಡಿದೆ. ಓಡಿಸಿದರೆ "ಸಿಗಲಿಲ್ಲ" ಅನ್ನುವ ಉತ್ತರ. ಅರೆ, ಫೈಲು ಕಣ್ಣೆದುರಿಗೇ ಇದೆಯಲ್ಲ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಸಿಗದೆ ಇದ್ದದ್ದು ನನ್ನ ಫೈಲಲ್ಲ, ಅದನ್ನು ಎತ್ತಿ ಓಡಿಸಬೇಕಾದ ಲೋಡರ್. ನನ್ನ ಕಂಪೈಲರ್ ದೊಡ್ಡ ಲಿನಕ್ಸಿನ ಜಿಲಿಬ್‌ಸಿಯನ್ನು ನಂಬಿತ್ತು. ಡಬ್ಬಿಯಲ್ಲಿದ್ದದ್ದು ಮಸಲ್ ಎಂಬ ಪುಟ್ಟ ಸಿ ಲೈಬ್ರರಿ.

ಸರಿ, ಡಬ್ಬಿ ಮಾಡಿದವರು ಕೊಟ್ಟಿದ್ದ ಎಸ್‌ಡಿಕೆ ತೆಗೆದೆ. (ಅವರು ಕರ್ನೆಲ್ ಬದಲಿಸಿದ್ದರಿಂದ ಸಿದ್ಧ ಪ್ಯಾಕೇಜು ಹೊಂದುತ್ತಿರಲಿಲ್ಲ.) ಈಗ ಕಾನ್ಫಿಗರ್ ಸ್ಕ್ರಿಪ್ಟಿನ ಸರದಿ. ಅದಕ್ಕೊಂದು ಅಭ್ಯಾಸ: ಪುಟ್ಟ ಪ್ರೋಗ್ರಾಮುಗಳನ್ನು ತಯಾರಿಸಿ, ಓಡಿಸಿ ನೋಡಿ, ಯಂತ್ರ ಎಂಥದು ಅಂತ ತಿಳಿದುಕೊಳ್ಳುವುದು. ಇನ್ನೊಂದು ಯಂತ್ರಕ್ಕೆ ಮಾಡಿದ್ದನ್ನು ಇಲ್ಲಿ ಓಡಿಸುವುದು ಹೇಗೆ? ಮಗನ ನಾಲಿಗೆಯಿಂದ ಅಮ್ಮ ಉಪ್ಪು ನೋಡಲಾಗುತ್ತದೆಯೇ? ಹಾಗಾಗಿ ಪ್ಯಾಕೆಟ್ ಹಿಡಿಯುವ ವಿಧಾನ ಲಿನಕ್ಸಿನದು, ಕರ್ನೆಲ್ ಇಂಥದು ಅಂತ ಉತ್ತರಗಳನ್ನು ನಾವೇ ಮೊದಲೇ ಬರೆದುಕೊಡಬೇಕು. ಓಪನ್‌ಡಬ್ಲ್ಯುಆರ್‌ಟಿಯ ಮೇಕ್‌ಫೈಲಿನಲ್ಲಿ ಇಂಥ ಉತ್ತರಗಳು ಆಗಲೇ ಬರೆದಿದ್ದವು. ನನಗಿಂತ ಎಷ್ಟೋ ವರ್ಷ ಮುಂಚೆ ಯಾರೋ ಇದೇ ಕಲ್ಲಿಗೆ ಎಡವಿ, ಹಿಂದೆ ಬರುವವರಿಗಾಗಿ ಕಲ್ಲು ಸರಿಸಿ ಹೋಗಿದ್ದರು.

ಕೊನೆಯದು ಪೊಟ್ಟಣ ಕಟ್ಟುವುದು. ಹೆಸರು, ಆವೃತ್ತಿ, "ಇದಕ್ಕೆ ಲಿಬ್‌ಪಿಕ್ಯಾಪ್ ಬೇಕು" ಅನ್ನುವ ಚೀಟಿ, ಜೊತೆಗೆ ಫೈಲುಗಳು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೊದಲು ಐಪಿಕೆಜಿ ಇತ್ತು, ಆಮೇಲೆ ಅದರ ಕವಲಾದ ಓಪಿಕೆಜಿ ಬಂತು, 2024ರ ಕೊನೆಯಲ್ಲಿ ಅಭಿವೃದ್ಧಿಯ ಶಾಖೆ ಎಪಿಕೆ ಕಡೆ ಹೊರಳಿತು. ಪೂರ್ತಿ ಟಿಸಿಪಿಡಂಪ್ ನನ್ನ ಡಬ್ಬಿಯಲ್ಲಿ ಹಿಡಿಯಲಿಲ್ಲ. ಅದಕ್ಕೂ ದಾರಿ ಇತ್ತು: ಅಪರೂಪದ ಪ್ರೋಟೋಕಾಲುಗಳನ್ನು ಕತ್ತರಿಸಿದ 'ಮಿನಿ' ಪ್ಯಾಕೇಜು. ಅದು ಕೂತಿತು.

ಗಿರಾಕಿಯ ಕಟ್ಟಡಕ್ಕೆ ಹೋದೆ. ಹಿಡಿದದ್ದನ್ನು ಇಡಲು ಡಬ್ಬಿಯಲ್ಲಿ ಜಾಗ ಇಲ್ಲವಲ್ಲ, ಎಸ್‌ಎಸ್‌ಎಚ್ ಮೂಲಕ ಲ್ಯಾಪ್‌ಟಾಪಿಗೆ ಹರಿಸಿದೆ. ಪರದೆ ಹುಚ್ಚಾಪಟ್ಟೆ ಓಡತೊಡಗಿತು. ನೋಡಿದರೆ, ಪ್ಯಾಕೆಟ್ ಹೊತ್ತು ತರುವ ಎಸ್‌ಎಸ್‌ಎಚ್ ಪ್ಯಾಕೆಟ್ಟುಗಳನ್ನೂ ಅದು ಹಿಡಿಯುತ್ತಿತ್ತು, ಅವನ್ನು ಕಳಿಸಲು ಇನ್ನಷ್ಟು ಪ್ಯಾಕೆಟ್! "22ನೇ ಪೋರ್ಟ್ ಬೇಡ" ಅಂತ ಒಂದು ಸಾಲು ಸೇರಿಸಿದೆ, ಶಾಂತಿ. 1993ರ ಬಿಪಿಎಫ್ ನನ್ನ ಮರ್ಯಾದೆ ಉಳಿಸಿತು.

ಒಂದು ಗಂಟೆ ಸದ್ದಿಲ್ಲ. ಆಮೇಲೆ ಡಬ್ಬಿ ಒಂದು ಪ್ಯಾಕೆಟ್ ಕಳಿಸಿತು. ಉತ್ತರವಿಲ್ಲ. ಮತ್ತೆ ಕಳಿಸಿತು. ಎರಡು ಪಟ್ಟು ಕಾದು ಮತ್ತೆ. ಮತ್ತೂ ಎರಡು ಪಟ್ಟು ಕಾದು ಮತ್ತೆ. ಹೌದು, 1988ರ ಅದೇ ಪಾಠ! ಆ ಕಟ್ಟಡದ ರೂಟರು ಬಹಳ ಹೊತ್ತು ಮಾತಿಲ್ಲದ ಸಂಪರ್ಕವನ್ನು ತನ್ನ ಪಟ್ಟಿಯಿಂದ ಅಳಿಸಿ, ಆಮೇಲೆ ಬಂದದ್ದನ್ನೆಲ್ಲ ಸದ್ದಿಲ್ಲದೆ ಬಿಸಾಡುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ 15 ಸಲ ಮರುಯತ್ನ ಮಾಡಿ ಕೈಬಿಡುತ್ತೆ, ಅಷ್ಟಕ್ಕೆ ಸುಮಾರು ಕಾಲು ಗಂಟೆ ಬೇಕು. ಸರ್ವರಿನವರೂ ಸುಳ್ಳು ಹೇಳಿರಲಿಲ್ಲ, ಡಬ್ಬಿಯೂ ಸುಳ್ಳು ಹೇಳಿರಲಿಲ್ಲ. ಕೆಲವು ನಿಮಿಷಕ್ಕೊಮ್ಮೆ "ಇದ್ದೇನೆ" ಅಂತ ಒಂದು ಪುಟ್ಟ ಪ್ಯಾಕೆಟ್ ಕಳಿಸುವಂತೆ ಮಾಡಿದೆವು. ಡಬ್ಬಿಗಳು ವಾಪಸ್ ಬರಲಿಲ್ಲ.

ಈಗಲೂ ಒಂದು ಮಾತು ನೆನಪಾಗುತ್ತೆ. ಸರ್ವರಿನ ಕಡೆ ಕೂತು ಎಷ್ಟು ನೋಡಿದ್ದರೂ ಇದು ಕಾಣುತ್ತಿರಲಿಲ್ಲ, ಯಾಕೆಂದರೆ ಆ ಪ್ಯಾಕೆಟ್ಟುಗಳು ಅಲ್ಲಿಗೆ ತಲುಪಲೇ ಇಲ್ಲ. ಕಾಣಬೇಕಾದರೆ ಅವು ಹೊರಟ ಜಾಗಕ್ಕೇ ಹೋಗಬೇಕಿತ್ತು. 2003ರಲ್ಲಿ ಕೆಲವರು ಹಟ ಹಿಡಿದು ಸೋರ್ಸ್ ಕೇಳದೆ ಹೋಗಿದ್ದರೆ ಈ ಡಬ್ಬಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿಯೂ ಇರುತ್ತಿರಲಿಲ್ಲ, ಒಳಗೆ ಹೋಗುವ ಬಾಗಿಲೂ ಇರುತ್ತಿರಲಿಲ್ಲ. ನಾವು ಇಬ್ಬರಲ್ಲಿ ಒಬ್ಬರನ್ನು ಕಳ್ಳ ಅಂತ ತೀರ್ಮಾನಿಸಿ ಸುಮ್ಮನಾಗುತ್ತಿದ್ದೆವು.

ನಿಮ್ಮ ಮನೆಯ ರೂಟರನ್ನು ಒಮ್ಮೆ ತಿರುಗಿಸಿ ಮಾಡೆಲ್ ನಂಬರ್ ನೋಡಿ. ಅದರೊಳಗೆ ಇಣುಕಲು ನಿಮಗೆ ಅವಕಾಶ ಇದೆಯೇ?